ಆಸ್ಪತ್ರೆಯ ಏರು

ಮಾರ್ಚ್ ೩, ಮಂಗಳವಾರ

ಕಾರು ಬಂತು. ಕನ್ನಡಕದವನೇ ಓಡಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಕೀಲಿ ಕೊಡಲು ಬಂದಾಗ ನಾನು ಕೈ ಚಾಚಲಿಲ್ಲ. ಬಾನೆಟ್ಟಿನ ಮೇಲಿಟ್ಟು ಅಲ್ಲೇ ನಿಂತುಕೊಂಡ.

“ಈಗ ಚೆನ್ನಾಗೇ ಓಡ್ತಿದೆ ಮಾವ. ಎಂಜಿನ್ ದೀಪಾನೂ ಆರಿಹೋಗಿದೆ.”

“ಅವತ್ತು ಓಡಲಿಲ್ಲವಲ್ಲ,” ಅಂದೆ.

ತಲೆ ತಗ್ಗಿಸಿದ. ತಗ್ಗಿಸಲಿ. ಅವನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರವರ ಕಣ್ಣಿಗೆಲ್ಲ ಗಾಜು ಕೂರಿಸುತ್ತಾನೆ, ತನ್ನ ಕಣ್ಣೆದುರಿಗೇ ಹಳದಿ ದೀಪ ಮಿನುಗಿದರೆ ಅದರ ಅರ್ಥ ಗೊತ್ತಿಲ್ಲ. ಅಳಿಯ ಅಂತ ಬರೆಯಲು ಪೆನ್ನು ಒಪ್ಪುತ್ತಿಲ್ಲ.

ಮಗಳು ಹೋಗಿ ಮೂರು ವಾರವಾಯಿತು. ಆ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕುಸಿದಳಂತೆ. ಬಸುರಿ ಅಂತ ಅವಳಿಗೇ ಗೊತ್ತಿರಲಿಲ್ಲ. ಗರ್ಭ ನಿಲ್ಲಬಾರದ ಕಡೆ ನಿಂತು ಒಳಗೇ ಒಡೆದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ತಡವಾಗುತ್ತದೆ ಅಂದರು, ಕಾರಿನಲ್ಲಿ ಹೊರಟರು. ಆಸ್ಪತ್ರೆಯ ಏರಿನಲ್ಲಿ ಎಂಜಿನ್ ಜಗ್ಗಾಡಿತು, ದೀಪ ಮಿನುಗಿತು, ಅರ್ಧ ಏರಿನಲ್ಲಿ ಕಾರು ನಿಂತೇಹೋಯಿತು. ಇವನು ರಸ್ತೆಗಿಳಿದು ಕೈ ಅಡ್ಡ ಹಾಕಿ ಒಂದು ತರಕಾರಿ ವ್ಯಾನು ನಿಲ್ಲಿಸಿ, ಅವಳನ್ನು ಅದಕ್ಕೆ ಹತ್ತಿಸುವಷ್ಟರಲ್ಲಿ ಹೊತ್ತು ಮೀರಿತ್ತು. “ಇನ್ನು ಸ್ವಲ್ಪ ಮುಂಚೆ ತಂದಿದ್ದರೆ,” ಅಂದರು ಡಾಕ್ಟರು. ಅಷ್ಟಕ್ಕೇ ನಿಲ್ಲಿಸಿದರು. ಮಿಕ್ಕದ್ದು ನನ್ನ ತಲೆಯೊಳಗೆ ನಿಲ್ಲದೆ ಓಡುತ್ತಿದೆ.

ಬಸ್ ಡಿಪೋದಲ್ಲಿ ಎಂಜಿನ್‌ಗಳ ಕಾಯಿಲೆ ಹುಡುಕುತ್ತಲೇ ತಲೆ ನರೆತವನು ನಾನು. ಈ ಕಾರಿನ ಕಾಯಿಲೆಯನ್ನೂ ಹುಡುಕುತ್ತೇನೆ. ಆಯಿಲ್ ಬದಲಿಸಿಲ್ಲವೋ, ಪ್ಲಗ್ ನೋಡಿಸಿಲ್ಲವೋ, ಸರ್ವಿಸಿಗೇ ಬಿಟ್ಟಿಲ್ಲವೋ, ಏನೋ ಒಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ ದಿನ ಅದನ್ನು ಅವನ ಮುಂದಿಟ್ಟು, ಮೊಮ್ಮಗಳನ್ನು ಕೇಳಿಕೊಂಡು ಇನ್ನು ಈ ಬಾಗಿಲಿಗೆ ಬರಬೇಡಿ ಅನ್ನುತ್ತೇನೆ.

ಇದನ್ನೆಲ್ಲ ಬರೆಯುತ್ತಿರುವುದು ಬಾಯಿಗೆ ಬರದಿರಲಿ ಅಂತ. ಬಾಯಿಗೆ ಬಂದರೆ ಗುಬ್ಬಿ ಕೇಳಿಸಿಕೊಳ್ಳುತ್ತಾಳೆ. ಮೊಮ್ಮಗಳಿಗೆ ಇನ್ನೂ ನಾಲ್ಕು ವರ್ಷ. ಆ ದಿನದಿಂದ ನಮ್ಮಲ್ಲೇ ಇದ್ದಾಳೆ. ಅಮ್ಮ ಎಲ್ಲಿ ಅಂತ ನನ್ನನ್ನು ಕೇಳುವುದಿಲ್ಲ, ಅಜ್ಜಿಯನ್ನು ಕೇಳುತ್ತಾಳೆ.

ಮಾರ್ಚ್ ೪, ಬುಧವಾರ

ದಪ್ಪಣ್ಣನ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ತಂದೆ. ಡಿಪೋದಲ್ಲಿ ನನ್ನ ಜೊತೆಗಿದ್ದವನು. ಬಸ್ಸಿನ ಅಡಿಗೆ ನುಸುಳಲಾರದಷ್ಟು ಹೊಟ್ಟೆ ಬಂದ ಮೇಲೆ ಕೆಲಸ ಬಿಟ್ಟು ಸ್ವಂತ ಗ್ಯಾರೇಜು ಹಾಕಿದ.

“ಆಟದ ಸಾಮಾನು ಅಂತ ಮೂಗು ಮುರೀತಿದ್ದೆ, ಈಗ ನೀನೇ ಕೇಳ್ಕೊಂಡು ಬಂದ್ಯಾ?” ಅಂತ ನಕ್ಕ. ಆಮೇಲೆ ಯಾವ ಕಾರಿಗೆ ಅಂತ ಹೊಳೆದು ಮುಖ ಸಣ್ಣದಾಯಿತು. ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ನನ್ನ ಸ್ಕೂಟರಿನಲ್ಲಿಟ್ಟ.

ಸ್ಟಿಯರಿಂಗಿನ ಕೆಳಗೆ ಅದರ ವೈರು ಸಿಕ್ಕಿಸಿದೆ. ಕಾರಿನ ಕಂಪ್ಯೂಟರಿನಲ್ಲಿ ಆ ದಿನದ್ದು ಹಾಗೇ ಉಳಿದಿತ್ತು. ಎರಡನೇ ಮತ್ತು ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪೆಟ್ರೋಲು ಒಳಗೆ ಹೋಗಿದೆ, ಉರಿದಿಲ್ಲ. ನಾಲ್ಕು ಜನ ಹೊರಬೇಕಾದ ಭಾರವನ್ನು ಇಬ್ಬರು ಹೊತ್ತಿದ್ದಾರೆ. ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಬಿಡುವಾದಾಗ ತೋರಿಸು ಅಂತ ಅರ್ಥ. ಮಿನುಗಿದರೆ ಈಗಲೇ ನಿಲ್ಲಿಸು ಅಂತ.

ಸಂಜೆ ಅಂಗಡಿ ಮುಚ್ಚಿ ಅವನು ಮಗುವನ್ನು ನೋಡಲು ಬಂದ. ದಿನಾ ಬರುತ್ತಾನೆ. ಒಳಗೆ ಬನ್ನಿ ಅಂತ ನಾನು ಅನ್ನುವುದಿಲ್ಲ, ಹೊರಗಿನ ಮೆಟ್ಟಿಲ ಮೇಲೇ ಕುಳಿತು ಮಗುವಿನ ಜೊತೆ ಮಾತಾಡಿ ಹೋಗುತ್ತಾನೆ. ಇವತ್ತು ನಾನೇ ಹೋಗಿ ಎದುರಿಗೆ ನಿಂತೆ.

“ದೀಪ ಮಿನುಗೋದು ಕಾಣಲಿಲ್ವಾ ನಿಮಗೆ?”

“ಕಂಡಿತು.”

“ನಿಲ್ಲಿಸಬೇಕಿತ್ತು.”

“ಪಕ್ಕದಲ್ಲಿ ಅವಳು ಬಿಳಿಚಿಕೊಳ್ತಾ ಇದ್ದಳು ಮಾವ.”

ಮಗುವನ್ನು ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಸಿಟ್ಟು ಇನ್ನೂ ಏರಿತು.

ಮಾರ್ಚ್ ೭, ಶನಿವಾರ

ಆಯಿಲ್ ಜೇನಿನ ಬಣ್ಣಕ್ಕಿದೆ. ಏರ್ ಫಿಲ್ಟರ್ ಹೊಸದು. ಪ್ಲಗ್ಗುಗಳನ್ನು ಬದಲಿಸಿ ಹೆಚ್ಚು ದಿನವಾಗಿಲ್ಲ. ಬೆಲ್ಟು, ಕೂಲಂಟ್, ಬ್ಯಾಟರಿಯ ತುದಿಗಳು ಎಲ್ಲ ತೊಳೆದಿಟ್ಟ ಹಾಗಿವೆ. ಇಷ್ಟು ಚೆನ್ನಾಗಿ ನೋಡಿಕೊಂಡ ಗಾಡಿಯನ್ನು ಡಿಪೋದಲ್ಲಿ ನಾನು ಕಂಡವನಲ್ಲ. ನಮ್ಮ ಮಗಳು ಕೂರುವ ಕಾರು, ನೋಡಿ ಸಮಾಧಾನವಾಗಬೇಕಿತ್ತು. ಮೋಸ ಹೋದವನ ಹಾಗೆ ಕುಳಿತುಬಿಟ್ಟೆ.

ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿಟ್ಟೆ. ಒಂದು ಮತ್ತು ನಾಲ್ಕು ತಿಳಿಗಂದು ಬಣ್ಣ, ಆರೋಗ್ಯವಂತರು. ಎರಡು ಮತ್ತು ಮೂರು ಕಪ್ಪಗೆ ಮಸಿ ಹಿಡಿದಿವೆ, ಮೂಸಿದರೆ ಪೆಟ್ರೋಲು ವಾಸನೆ. ಕಿಡಿ ಬಂದಿಲ್ಲವೋ, ಒತ್ತಡವಿಲ್ಲವೋ, ಪೆಟ್ರೋಲು ಸುರಿದು ಹೋಗಿದೆಯೋ, ಇನ್ನೂ ಹೇಳಲಾರೆ.

ಡ್ರೈವರ್ ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಿದ್ದು ಹಾಗೇ ಇದೆ. ಮುಟ್ಟಲಿಲ್ಲ.

ಹೆಂಡತಿ ಚಹಾ ತಂದು ಸ್ಟೂಲಿನ ಮೇಲಿಟ್ಟಳು. ನಾಲ್ಕು ಪ್ಲಗ್ಗುಗಳನ್ನೂ ನನ್ನನ್ನೂ ನೋಡಿದಳು.

“ನೀವು ಬಿಚ್ಚಿ ನೋಡ್ತಿರೋದು ಕಾರನ್ನೋ, ಆ ಹುಡುಗನನ್ನೋ?”

ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮಾರ್ಚ್ ೮, ಭಾನುವಾರ

ಕೆಲಸ ಮಾಡಲಿಲ್ಲ. ಗುಬ್ಬಿ ಶೆಡ್ಡಿಗೆ ಬಂದು ಕಾರಿನ ಹಿಂದಿನ ಸೀಟು ಹತ್ತಿ ಕುಳಿತಳು. “ತಾತ, ಹೋಗೋಣ ನಡಿ,” ಅಂದಳು. ಮುಂದಿನ ಸೀಟಿನ ಬೆನ್ನಿಗೆ ಕೆನ್ನೆಯಿಟ್ಟು ತುಂಬ ಹೊತ್ತು ಇದ್ದಳು. ಇಳಿಸಲು ಕೈ ಬರಲಿಲ್ಲ.

ಮಾರ್ಚ್ ೧೧, ಬುಧವಾರ

ನಾಲ್ಕೂ ಸಿಲಿಂಡರಿನ ಒತ್ತಡ ಅಳೆದೆ, ಒಂದಕ್ಕೊಂದು ಸಮ. ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಇಡೀ ದಿನ ಬಿಟ್ಟೆ, ನೀರಿನ ಗೆರೆ ಕಾಣಲಿಲ್ಲ. ಸ್ಕ್ರೂಡ್ರೈವರಿನ ತುದಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿಗೆ, ಹಿಡಿ ಕಿವಿಗೆ ಇಟ್ಟು ಕೇಳಿದೆ, ನಾಲ್ಕೂ ಟಕಟಕ ಅನ್ನುತ್ತಿವೆ. ಇನ್ನು ಉಳಿದದ್ದು ಕಿಡಿಯ ದಾರಿ.

ಕನ್ನಡಕದವನು ಬಂದಾಗ ನಾನು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿದ್ದೆ. ಕೇಳದೆಯೇ ತೆಗೆದುಕೊಂಡ. ಬೇಡ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಬೆಳಕು ನನಗೆ ಬೇಕಾದ ಕಡೆಗೇ ಬಿದ್ದಿತ್ತು. ಆಮೇಲೂ ಹಾಗೇ. ನನ್ನ ಕಣ್ಣು ಹೋದ ಕಡೆ ಅವನ ಬೆಳಕು ಹೋಗುತ್ತಿತ್ತು. ದಿನವಿಡೀ ಜನರ ಕಣ್ಣನ್ನೇ ನೋಡುವ ಕೆಲಸವಲ್ಲವೇ. ಕೈ ಒಂದಿಷ್ಟೂ ಅಲುಗಲಿಲ್ಲ.

ಎಂಜಿನನ್ನು ಎಷ್ಟು ಹೊತ್ತು ಓಡಿಸಿದರೂ ಮಿಸ್ ಮಾಡುತ್ತಿಲ್ಲ. ಈ ಜಾತಿಯ ಕಾಯಿಲೆ ಶೆಡ್ಡಿನಲ್ಲಿ ಸಿಗುವುದಿಲ್ಲ. ಎಂಜಿನ್ ಕಾಯಬೇಕು, ಮೇಲೆ ಭಾರ ಬೀಳಬೇಕು.

“ಆ ಏರಿಗೇ ಹೋಗಬೇಕು,” ಅಂದೆ. “ಭಾನುವಾರ ನಿಮ್ಮ ಅಂಗಡಿ ರಜ ಅಲ್ವಾ. ನೀವೇ ಓಡಿಸಬೇಕು. ಅವತ್ತು ಹೇಗೆ ಓಡಿಸಿದಿರೋ ಹಾಗೇ.”

ಟಾರ್ಚಿನ ಬೆಳಕು ಆಗ ಅಲುಗಿತು.

“ಆಗಲಿ ಮಾವ.”

ಇವಳಿಗೆ ಹೇಳಿದಾಗ ಕೈಯಲ್ಲಿದ್ದ ತಟ್ಟೆಯನ್ನು ಸದ್ದಾಗುವ ಹಾಗೆ ಕುಕ್ಕಿದಳು. “ಅವನೇನು ಕೊಲೆ ಮಾಡಿದವನಾ? ಅದೇ ದಾರೀಲಿ ಮತ್ತೆ ಎಳ್ಕೊಂಡು ಹೋಗೋಕೆ?” ನಾನು ಪರೀಕ್ಷೆ ಅಂದೆ. “ಯಾರಿಗೆ?” ಅಂದಳು.

ಮಾರ್ಚ್ ೧೫, ಭಾನುವಾರ

ಬೆಳಿಗ್ಗೆ ಹೊರಟೆವು. ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಸ್ಕ್ಯಾನರ್. ಒರಗಿದ್ದ ಸೀಟನ್ನು ನೇರ ಮಾಡಲು ಅವನು ಕೈ ಹಾಕಿದ, ಬೇಡ ಅಂದೆ. ಅರ್ಧ ಮಲಗಿದ ಹಾಗೆ ಕುಳಿತೆ. ಆ ಸೀಟಿನಿಂದ ರಸ್ತೆ ಕಾಣುವುದಿಲ್ಲ. ವಿದ್ಯುತ್ ಕಂಬಗಳ ತುದಿ, ಮಹಡಿಮನೆಗಳ ಕಿಟಕಿ, ಒಂದಿಷ್ಟು ಆಕಾಶ. ಅವಳು ಕೊನೆಗೆ ನೋಡಿದ್ದು ಇಷ್ಟೇ.

ಎಂಜಿನ್ ಕಾಯಲಿ ಅಂತ ಮೊದಲು ಊರ ಹೊರಗಿನ ರಸ್ತೆಯಲ್ಲಿ ಸುತ್ತಿಸಿದೆ. ಅವನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಓಡಿಸಿದ. ಪೆಟ್ರೋಲ್ ಬಂಕ್ ದಾಟಿದ ಮೇಲೆ ಏರು ಶುರು. ಮೊದಲ ತಿರುವು ಸರಾಗವಾಗಿ ಹತ್ತಿತು. ನೀರಿನ ಟ್ಯಾಂಕಿನ ಹತ್ತಿರ ಎರಡನೇ ತಿರುವು. ಅಲ್ಲಿ ಎಂಜಿನ್ ಒಮ್ಮೆ ಬಿಕ್ಕಿತು. ಮತ್ತೊಮ್ಮೆ. ಹಳದಿ ದೀಪ ಮಿನುಗತೊಡಗಿತು. ಸ್ಕ್ಯಾನರಿನಲ್ಲಿ ಎರಡು ಮತ್ತು ಮೂರರ ಮುಂದಿನ ಅಂಕಿಗಳು ಸರಸರ ಏರಿದವು.

ಸಿಕ್ಕಿತು. ನನಗೆ ಬೇಕಾಗಿದ್ದು ಅಷ್ಟೇ. ನಿಲ್ಲಿಸಿ ಅನ್ನಬೇಕಿತ್ತು.

ನನ್ನ ಬಾಯಿಂದ ಬಂದದ್ದು ಬೇರೆ. “ಒತ್ತು! ನಿಲ್ಲಿಸಬೇಡ, ಒತ್ತೋ, ಪೂರ್ತಿ ಒತ್ತು!”

ನನ್ನ ದನಿಯೇ ಅದು ಅಂತ ನನಗೆ ಗೊತ್ತಾಗಲಿಲ್ಲ. ಅವನು ಆಕ್ಸಿಲರೇಟರನ್ನು ನೆಲಕ್ಕೆ ಅದುಮಿದ. ಕಾರು ಅಡಿಯಿಂದ ಮುಡಿಯವರೆಗೆ ನಡುಗಿತು, ಮುಗ್ಗರಿಸಿತು, ನಿಂತಿತು. ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ. ಎಂಜಿನ್ ಸುಮ್ಮನೆ ನರಳಿತು. ಹಿಂದೆ ಹಾರನ್ನುಗಳು. ಅವನು ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ಇದೇ ಜಾಗ,” ಅಂದ.

ಸ್ಕ್ಯಾನರ್ ನನ್ನ ಕಾಲಬುಡದಲ್ಲಿ ಬಿದ್ದಿತ್ತು. ಸೀಟಿನ ಅಂಚನ್ನು ಹಿಡಿದಿದ್ದ ನನ್ನ ಬೆರಳುಗಳನ್ನು ಬಿಡಿಸಿಕೊಳ್ಳಲು ಹೊತ್ತು ಬೇಕಾಯಿತು.

“ಅವಳೂ ಹಾಗೇ ಅಂದಳು ಮಾವ. ಒತ್ತು, ಒತ್ತು ಅಂತ.”

ಬಾಟಲಿಯಲ್ಲಿ ನೀರಿತ್ತು. “ಕುಡಿ,” ಅಂತ ಕೊಟ್ಟೆ. ಅವನು ಕುಡಿದು ನನಗೆ ಕೊಟ್ಟ, ನಾನೂ ಕುಡಿದೆ. ಎಂಜಿನ್ ತಣಿದು ಮತ್ತೆ ಶುರುವಾಗುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು. ಮೇಲೆ ಆಸ್ಪತ್ರೆಯ ಬಿಳಿ ಗೋಡೆ ಕಾಣುತ್ತಿತ್ತು. ಅಷ್ಟು ಹತ್ತಿರ.

ಮಾರ್ಚ್ ೧೭, ಮಂಗಳವಾರ

ಶೆಡ್ಡಿನ ಬಾಗಿಲು ಹಾಕಿ, ಸಂದಿಗೆಲ್ಲ ಗೋಣಿ ಸಿಕ್ಕಿಸಿ ಕತ್ತಲು ಮಾಡಿದೆ, ಹೊಗೆ ಹೊರಗೆ ಹೋಗಲಿ ಅಂತ ಸೈಲೆನ್ಸರಿಗೊಂದು ಪೈಪು ಸಿಕ್ಕಿಸಿ ಆಚೆಗೆ ಬಿಟ್ಟೆ. ಎಂಜಿನ್ ಕಾದ ಮೇಲೆ ಇಗ್ನಿಷನ್ ಕಾಯಿಲಿನ ಮೇಲೆ ನೀರು ಚಿಮುಕಿಸಿದೆ. ಕಾಣಿಸಿತು. ಕಾಯಿಲಿನ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರಗುಂಟ ನೀಲಿ ಕಿಡಿ ಹರಿದು ಎಂಜಿನ್ನಿನ ಕಬ್ಬಿಣಕ್ಕೆ ಹಾರುತ್ತಿದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರುತ್ತಿದೆ. ಈ ಕಾರಿನಲ್ಲಿ ಎರಡು ಮತ್ತು ಮೂರಕ್ಕೆ ಒಂದೇ ಕಾಯಿಲ್. ಅದಕ್ಕೇ ಇಬ್ಬರೂ ಒಟ್ಟಿಗೆ ಸತ್ತರು. ತಣ್ಣಗಿದ್ದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಕಾದರೆ ಬಾಯಿ ಬಿಡುತ್ತದೆ.

ಬರಿಗಣ್ಣಿಗೆ ಕಾಣುವುದಲ್ಲ. ಯಾವ ಸರ್ವಿಸಿನಲ್ಲೂ ಸಿಗುವುದಲ್ಲ. ನನಗೇ ಇಷ್ಟು ದಿನ ಬೇಕಾಯಿತು.

ಅಳಿಯ ಬಂದಾಗ ಒಳಗೆ ಕರೆದು ತೋರಿಸಿದೆ. ನೀಲಿ ಎಳೆಯನ್ನು ಬಗ್ಗಿ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

“ಇಷ್ಟೇನಾ?” ಅಂದ.

“ಇಷ್ಟೇ.”

ಹೊಸದನ್ನು ತರಿಸಲು ದಪ್ಪಣ್ಣನಿಗೆ ಹೇಳಿದ್ದೇನೆ.

ಮಾರ್ಚ್ ೧೯, ಗುರುವಾರ

ಒಂದು ಯೋಚನೆ ಎರಡು ದಿನದಿಂದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಯಾರಿಗೂ ಹೇಳದೆ ಕಾರು ತೆಗೆದೆ. ಹಳೇ ಕಾಯಿಲೇ ಇತ್ತು.

ನೀರಿನ ಟ್ಯಾಂಕಿನ ತಿರುವಿನಲ್ಲಿ ಬಿಕ್ಕಿತು, ದೀಪ ಮಿನುಗಿತು. ನಾನು ಕಾಲು ಎತ್ತಿದೆ. ಮೊದಲನೇ ಗೇರಿಗೆ ಇಳಿಸಿ, ಪೆಡಲಿನ ಮೇಲೆ ಹೆಬ್ಬೆರಳಿನಷ್ಟೇ ಭಾರ ಬಿಟ್ಟೆ. ಭಾರ ಕಡಿಮೆಯಾದರೆ ಸಿಲಿಂಡರಿನ ಒತ್ತಡ ಇಳಿಯುತ್ತದೆ, ಆಗ ಸಣ್ಣ ಕಿಡಿಯೂ ಒಮ್ಮೊಮ್ಮೆ ದಾಟುತ್ತದೆ. ಇದು ನನಗೆ ಗೊತ್ತಿದ್ದದ್ದೇ. ಹಿಂದಿನವರು ಹಾರನ್ ಬಾರಿಸಿದರು, ಬೈದು ಮುಂದೆ ಹೋದರು. ಕಾರು ಕುಂಟುತ್ತಾ, ಕೆಮ್ಮುತ್ತಾ ಹತ್ತಿತು. ಅವಳನ್ನು ವ್ಯಾನಿಗೆ ಹತ್ತಿಸಿದ ಜಾಗ ದಾಟಿತು. ನಿಲ್ಲು, ಇಲ್ಲೇ ನಿಲ್ಲು ಅಂತ ಬಾಯಿಬಿಟ್ಟು ಬೇಡಿಕೊಂಡೆ. ನಿಲ್ಲಲಿಲ್ಲ. ಗೇಟಿನವರೆಗೂ ಹೋಯಿತು.

ತುರ್ತು ವಿಭಾಗದ ಬಾಗಿಲ ಎದುರು ಎಂಜಿನ್ ಕುಂಟಿಕೊಂಡೇ ಓಡುತ್ತಿತ್ತು. ಕಾವಲಿನವನು ಓಡಿ ಬಂದ.

“ಪೇಷೆಂಟ್ ಇದ್ದಾರಾ ಯಜಮಾನ್ರೇ? ಸ್ಟ್ರೆಚರ್ ತರಬೇಕಾ?”

“ಇಲ್ಲ.”

“ಹಾಗಾದ್ರೆ ಇಲ್ಲಿ ನಿಲ್ಲಿಸೋ ಹಾಗಿಲ್ಲ. ಸ್ವಲ್ಪ ಮುಂದೆ ತಗೊಳ್ಳಿ.”

ತೆಗೆಯುತ್ತೇನೆ ಅಂದೆ. ಅವನು ಮತ್ತೆ ಬಂದು ಗಾಜು ತಟ್ಟಬೇಕಾಯಿತು.

ಮನೆಗೆ ಬಂದಾಗ ಇವಳು ಎಲ್ಲಿಗೆ ಹೋಗಿದ್ರಿ ಅಂದಳು. ಬ್ಯಾಟರಿ ಚಾರ್ಜ್ ಆಗಲಿ ಅಂತ ಒಂದು ಸುತ್ತು ಹಾಕಿ ಬಂದೆ ಅಂದೆ.

ಮಾರ್ಚ್ ೨೦, ಶುಕ್ರವಾರ

ಅಳಿಯ ಬಂದಿದ್ದ. ತಲೆನೋವು ಅಂತ ನಾನು ಹೊರಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಗುಬ್ಬಿಗೆ ಏನೋ ಹೇಳುತ್ತಿದ್ದ, ಅವಳು ನಕ್ಕಿದ್ದು ಕೇಳಿಸಿತು. ಆ ದಿನದಿಂದ ಇದೇ ಮೊದಲು.

ಮಾರ್ಚ್ ೨೨, ಭಾನುವಾರ

ಹೊಸ ಕಾಯಿಲ್ ಹಾಕಿದೆ. ನಾಲ್ಕು ಬೋಲ್ಟು, ಒಂದು ಕನೆಕ್ಟರು. ಇವಳು ತಂದಿಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಶುರು ಮಾಡಿದೆ. ಬೆಣ್ಣೆಯ ಹಾಗೆ ಓಡಿತು. ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಸರಿಯಾಗಿ ಓಡುವ ಎಂಜಿನ್ನಿನ ಸದ್ದನ್ನು ಕೇಳಲಾರದೆ ಹೋದದ್ದು ನನಗೆ ಇದೇ ಮೊದಲು. ಆಫ್ ಮಾಡಿದೆ.

ಅಳಿಯ ಟಾರ್ಚು ಹಿಡಿದು ನಿಂತೇ ಇದ್ದ. ಬಾನೆಟ್ ಮುಚ್ಚಿದ ಮೇಲೂ ಆರಿಸಲಿಲ್ಲ.

“ಮಾವ, ಒಂದು ಕೇಳ್ತೀನಿ. ನನಗೋಸ್ಕರ ಅಂತ ಏನೂ ಹೇಳಬೇಡಿ. ನಿಜ ಹೇಳಿ.”

“ಕೇಳು.”

“ನಾನು ಅಷ್ಟು ಒತ್ತಿರದಿದ್ದರೆ? ಮೆಲ್ಲಗೆ ಓಡಿಸಿದ್ದರೆ, ಮೇಲೆ ಹತ್ತುತ್ತಿತ್ತಾ?”

ಕೈ ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು. ಒಂದೊಂದೇ ಬೆರಳು ಒರೆಸಿಕೊಂಡೆ.

“ಇಲ್ಲ,” ಅಂದೆ. “ಕಾಯಿಲ್ ಸತ್ತಿತ್ತು. ಮೆಲ್ಲಗೆ ಹೋದರೂ ಅಷ್ಟೇ, ಜೋರಾಗಿ ಹೋದರೂ ಅಷ್ಟೇ. ಯಾರು ಓಡಿಸಿದ್ದರೂ ಅಲ್ಲೇ ನಿಲ್ಲುತ್ತಿತ್ತು. ನಾನು ಓಡಿಸಿದ್ದರೂ.”

“ಖಂಡಿತಾನಾ?”

“ಜೀವಮಾನವೆಲ್ಲ ಮಾಡಿದ ಕೆಲಸ ಕಣೋ. ನನಗೆ ಗೊತ್ತಾಗಲ್ವಾ?”

ನನ್ನ ಮುಖವನ್ನೇ ನೋಡಿದ. ಕಣ್ಣು ಪರೀಕ್ಷೆ ಮಾಡುವವನ ನೋಟ ಅದು, ತಪ್ಪಿಸಿಕೊಳ್ಳುವುದು ಕಷ್ಟ. ನಾನು ತಪ್ಪಿಸಲಿಲ್ಲ. ಆಮೇಲೆ ಅವನು ಕಾರಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು ಕುಳಿತು ಅತ್ತ. ಇಷ್ಟು ದಿನದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅದನ್ನೂ ಅವನ ತಪ್ಪುಗಳ ಪಟ್ಟಿಗೆ ಸೇರಿಸಿದ್ದೆ.

ಸುಮ್ಮನೆ ನಿಲ್ಲಲಾಗದೆ, “ಗುಬ್ಬೀನ ಯಾವಾಗ ಕರ್ಕೊಂಡು ಹೋಗ್ತೀಯ?” ಅಂದುಬಿಟ್ಟೆ.

ತಲೆ ಎತ್ತಿದ. ಮೊದಲು ಅರ್ಥವಾಗಲಿಲ್ಲ ಅವನಿಗೆ.

“ಮುಂದಿನ ಭಾನುವಾರ ಬರಲಾ?”

“ಬಾ.”

ಮುಖ ತೊಳೆದುಕೊಂಡು ಹೊರಟವನು ಶೆಡ್ಡಿನ ಬಾಗಿಲಲ್ಲಿ ನಿಂತ.

“ಮಾವ, ಮತ್ತೆ ಯಾವತ್ತಾದರೂ ಆ ದೀಪ ಮಿನುಗಿದರೆ ಏನು ಮಾಡಲಿ? ಹಿಂದಿನ ಸೀಟಲ್ಲಿ ಅವಳಿರ್ತಾಳೆ.”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕಾಲು ಎತ್ತು, ಗೇರು ಇಳಿಸು, ಮೆಲ್ಲಗೆ ಹೋಗು, ಮುಟ್ಟಿಸುತ್ತದೆ. ಅಷ್ಟು ಹೇಳಿದರೆ ಈಗತಾನೇ ಹೇಳಿದ್ದೆಲ್ಲ ಅವನ ಕಣ್ಣೆದುರೇ ಬಿರುಕು ಬಿಡುತ್ತಿತ್ತು.

“ಪಕ್ಕಕ್ಕೆ ನಿಲ್ಲಿಸಿ ನನಗೆ ಫೋನ್ ಮಾಡು,” ಅಂದೆ. “ಎಲ್ಲಿದ್ದರೂ ಬರ್ತೀನಿ.”

ಮಾರ್ಚ್ ೨೯, ಭಾನುವಾರ

ಗುಬ್ಬಿ ಹೋದಳು. ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕುಳಿತಳು. ಮುಂದಿನ ಸೀಟನ್ನು ಅಳಿಯ ನೇರ ಮಾಡಿದ್ದ. ಕೈ ಬೀಸು ಅಂದರೆ ಬೀಸಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದಳು. ರಸ್ತೆಯ ಕೊನೆಯವರೆಗೂ ನಾನು ಎಂಜಿನ್ನಿನ ಸದ್ದು ಕೇಳಿಸಿಕೊಂಡೆ. ನಾಲ್ಕೂ ಸರಿಯಾಗಿ ಉರಿಯುತ್ತಿದ್ದವು.

ಮನೆಯೊಳಗೆ ಬಂದರೆ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ಇವಳು ಮಗುವಿನ ಹಾಸಿಗೆ ಮಡಚುತ್ತಿದ್ದಳು. ಬೆನ್ನು ಹಾಕಿಕೊಂಡೇ ಕೇಳಿದಳು.

“ಆವತ್ತು ಕಾರು ತಗೊಂಡು ನೀವೊಬ್ಬರೇ ಎಲ್ಲಿಗೆ ಹೋಗಿದ್ರಿ?”

“ಬ್ಯಾಟರಿಗೆ ಅಂತ ಹೇಳಿದೆನಲ್ಲ.”

“ಹೌದು. ಹೇಳಿದ್ರಿ.”

ಹಾಸಿಗೆ ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದಳು.

ಏಪ್ರಿಲ್ ೨, ಗುರುವಾರ

ಸಂಜೆ ಫೋನ್ ಬಂತು. ಅಳಿಯನ ಹೆಸರು ಕಂಡದ್ದೇ ಎದ್ದೆ. ಚಪ್ಪಲಿ ಮೆಟ್ಟಿ, ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡ ಮೇಲೆ ಎತ್ತಿಕೊಂಡೆ.

ದೀಪವಲ್ಲ. ಗುಬ್ಬಿ ಹಾಲು ಮುಟ್ಟುತ್ತಿಲ್ಲವಂತೆ. ನಿಮ್ಮಲ್ಲಿ ಯಾವ ಲೋಟದಲ್ಲಿ ಕುಡೀತಿದ್ದಳು ಮಾವ, ಅಂತ ಕೇಳಿದ. ಹಿಡಿ ಇರುವ ಸ್ಟೀಲಿನದು, ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡ, ಕೆನೆ ತೆಗೆದು ಕೊಡು ಅಂದೆ. ತಡೀರಿ, ಅಂತ ಫೋನನ್ನು ಕೆಳಗಿಟ್ಟು ಹೋದ. ಪಾತ್ರೆಗಳ ಸದ್ದು, ಮಗುವಿನ ಸಣ್ಣ ದನಿ. ಬಂದು, “ಕುಡೀತಿದ್ದಾಳೆ,” ಅಂದ.

ಅವಳು ಲೋಟ ಕೆಳಗಿಡುವ ಸದ್ದು ಬರುವವರೆಗೂ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.

ಕತ್ತಲಾಗುತ್ತಿದೆ. ಚಪ್ಪಲಿ ಇನ್ನೂ ಕಾಲಲ್ಲೇ ಇದೆ.